ಸೋನಿ ಆರ್‌ಎಕ್ಸ್100 ಮಾರ್ಕ್ 3: ಫೋಟೊ ಎಣಿಸಬೇಡಿ, ನಿಮಿಷ ಎಣಿಸಿ

ಈ ಕ್ಯಾಮೆರಾ ಇಟ್ಟುಕೊಂಡವರ ದೂರು ಹೆಚ್ಚುಕಮ್ಮಿ ಒಂದೇ: ಚಿತ್ರ ಚೆನ್ನಾಗಿ ಬರುತ್ತದೆ, ಬ್ಯಾಟರಿ ಮಾತ್ರ ಸಾಲುವುದಿಲ್ಲ. ದೂರು ಸುಳ್ಳಲ್ಲ. ಆದರೆ ಅದೇ ಕ್ಯಾಮೆರಾ, ಅದೇ ಬ್ಯಾಟರಿ ಹಿಡಿದ ಇಬ್ಬರಲ್ಲಿ ಒಬ್ಬರು ಮಧ್ಯಾಹ್ನದ ಊಟದ ಹೊತ್ತಿಗೇ ಪ್ಲಗ್ ಪಾಯಿಂಟ್ ಹುಡುಕುತ್ತಿರುತ್ತಾರೆ, ಇನ್ನೊಬ್ಬರು ದೀಪ ಹಚ್ಚುವ ಹೊತ್ತಿನವರೆಗೂ ಆರಾಮಾಗಿ ತೆಗೆಯುತ್ತಿರುತ್ತಾರೆ. ಇಬ್ಬರ ಫೋಟೊಗಳ ಲೆಕ್ಕ ಹಾಕಿದರೆ ಗುಟ್ಟು ತಿಳಿಯುವುದಿಲ್ಲ. ಕ್ಯಾಮೆರಾ ಎಷ್ಟು ನಿಮಿಷ ಆನ್ ಇತ್ತು ಅಂತ ನೋಡಬೇಕು.

2014ರಲ್ಲಿ ಬಂದ ಮಾಡೆಲ್ ಇದು. ಒಂದಿಂಚಿನ ಸೆನ್ಸರ್, 24–70 ಎಂಎಂ ಲೆನ್ಸ್, ಎಫ್1.8ರಿಂದ 2.8ರ ಅಪರ್ಚರ್, ಮೂಲೆಯಿಂದ ಪುಟಿದೇಳುವ, ಕಣ್ಣಿಟ್ಟು ನೋಡುವ ಎಲೆಕ್ಟ್ರಾನಿಕ್ ವ್ಯೂಫೈಂಡರ್, ಎಲ್ಲ ಸೇರಿ 290 ಗ್ರಾಂ. ಇಷ್ಟಕ್ಕೆಲ್ಲ ಅನ್ನ ಹಾಕುವುದು ಎನ್‌ಪಿ-ಬಿಎಕ್ಸ್1 ಅನ್ನುವ ಪುಟ್ಟ ಲಿಥಿಯಂ ಅಯಾನ್ ಬ್ಯಾಟರಿ. 3.6 ವೋಲ್ಟ್, 1240 ಮಿಲಿಆಂಪ್ ಅವರ್, ಅಂದರೆ 4.5 ವ್ಯಾಟ್ ಅವರ್. ಈಗಿನ ಸಾಧಾರಣ ಫೋನಿನಲ್ಲಿ 5000 ಮಿಲಿಆಂಪ್ ಅವರ್ ಇರುತ್ತದೆ, ಅದರ ಕಾಲುಭಾಗ ಅಂದುಕೊಳ್ಳಿ.

ಕಂಪನಿ ಹೇಳುವ ಸಂಖ್ಯೆ ಸ್ಕ್ರೀನ್ ಬಳಸಿದರೆ 320 ಫೋಟೊ, ವ್ಯೂಫೈಂಡರ್ ಬಳಸಿದರೆ 230. ಇದು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅರ್ಧ ಸಮಸ್ಯೆ ಮುಗಿದ ಹಾಗೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಐಪಿಎ ಇದಕ್ಕೊಂದು ಪರೀಕ್ಷಾ ಕ್ರಮ ಮಾಡಿಟ್ಟಿದೆ. 23 ಡಿಗ್ರಿ ಬಿಸಿಯ ಕೋಣೆಯಲ್ಲಿ 30 ಸೆಕೆಂಡಿಗೊಂದು ಫೋಟೊ, ಪ್ರತಿ ಫೋಟೊಗೆ ಮುಂಚೆ ಜೂಮ್ ಈ ತುದಿಯಿಂದ ಆ ತುದಿಗೆ, ಒಂದು ಬಿಟ್ಟು ಒಂದಕ್ಕೆ ಫ್ಲಾಶ್, ಹತ್ತು ಫೋಟೊಗೊಮ್ಮೆ ಕ್ಯಾಮೆರಾ ಆಫ್ ಮಾಡಿ ಮತ್ತೆ ಆನ್. ಯಾವ ಮನುಷ್ಯನೂ ಹೀಗೆ ಫೋಟೊ ತೆಗೆಯುವುದಿಲ್ಲ, ಆದರೆ ಎಲ್ಲ ಕಂಪನಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇದು ಬೇಕು.

ಈಗ ಸಣ್ಣ ಗುಣಾಕಾರ. 320 ಫೋಟೊ, ಒಂದೊಂದಕ್ಕೆ ಅರ್ಧ ನಿಮಿಷ, ಒಟ್ಟು 160 ನಿಮಿಷ. 4.5 ವ್ಯಾಟ್ ಅವರ್ ಅಷ್ಟು ಹೊತ್ತಿನಲ್ಲಿ ಖಾಲಿಯಾದರೆ ಸರಾಸರಿ ಖರ್ಚು ಸುಮಾರು 1.7 ವ್ಯಾಟ್. ವ್ಯೂಫೈಂಡರಿನ 230 ಫೋಟೊ ಅಂದರೆ 115 ನಿಮಿಷ, ಖರ್ಚು 2.3 ವ್ಯಾಟ್‌ಗೆ ಏರುತ್ತದೆ. ನೆನಪಿಡಬೇಕಾದ್ದು ಇವೆರಡೇ ಸಂಖ್ಯೆ: ಸ್ಕ್ರೀನಿನಲ್ಲಿ 160 ನಿಮಿಷ, ವ್ಯೂಫೈಂಡರಿನಲ್ಲಿ 115. ಕಿಂಡಿಯಷ್ಟು ಸಣ್ಣ ವ್ಯೂಫೈಂಡರ್ ದೊಡ್ಡ ಸ್ಕ್ರೀನಿಗಿಂತ ಕಡಿಮೆ ಕುಡಿಯಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಇಲ್ಲಿ ಉಲ್ಟಾ.

ಆನ್ ಇದ್ದಷ್ಟು ಹೊತ್ತೂ ಸೆನ್ಸರ್ ಚಿತ್ರ ಓದುತ್ತಿರುತ್ತದೆ, ಪ್ರೊಸೆಸರ್ ಅದನ್ನು ಹದ ಮಾಡಿ ಸ್ಕ್ರೀನಿಗೆ ಕಳಿಸುತ್ತಿರುತ್ತದೆ, ಸ್ಕ್ರೀನಿನ ಹಿಂಬದಿಯ ದೀಪ ಉರಿಯುತ್ತಿರುತ್ತದೆ. ನೀವು ಶಟರ್ ಒತ್ತಿದಿರೋ ಬಿಟ್ಟಿರೋ ಅದಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಅದಕ್ಕೇ ಬರ್ಸ್ಟ್‌ನಲ್ಲಿ ಬಟನ್ ಒತ್ತಿ ಹಿಡಿದು ಸೆಕೆಂಡಿಗೆ ಹತ್ತರಂತೆ ಸಾಲಾಗಿ ಹೊಡೆದವರಿಗೆ ಒಂದೇ ಚಾರ್ಜಿನಲ್ಲಿ ಸಾವಿರದ ಹತ್ತಿರ ಸಿಕ್ಕಿದರೂ ಆಶ್ಚರ್ಯವಿಲ್ಲ. ಟ್ರೈಪಾಡ್ ಮೇಲಿಟ್ಟು ಸೂರ್ಯ ಹುಟ್ಟುವುದನ್ನೇ ಕಾಯುತ್ತ ಕೂತವರ ಬ್ಯಾಟರಿ 40 ಫೋಟೊಗೇ ಕೈಕೊಟ್ಟರೂ ಬ್ಯಾಟರಿಯ ತಪ್ಪಲ್ಲ.

ಆನ್, ಆಫ್, ಮತ್ತು ನಡುವಿನ ಹೊತ್ತು

ಹಾಗಾದರೆ ಪ್ರತಿ ಫೋಟೊ ಆದಮೇಲೆ ಆಫ್ ಮಾಡಬೇಕೆ? ಬೇಡ. ಆನ್ ಮಾಡಿದಾಗಲೆಲ್ಲ ಮೋಟರು ಲೆನ್ಸನ್ನು ಹೊರಗೆ ತಳ್ಳಬೇಕು, ಆಫ್ ಮಾಡಿದಾಗ ಒಳಗೆಳೆಯಬೇಕು. ಆ ಕೆಲಸಕ್ಕೂ ಕರೆಂಟು ಬೇಕು, ಜೊತೆಗೆ ಲೆನ್ಸಿನ ಹಲ್ಲುಚಕ್ರಗಳ ಸವೆತ ಬೇರೆ. ಬಳಕೆಯಲ್ಲಿ ಕೂತ ನಿಯಮ ಇಷ್ಟು: ಮುಂದಿನ ಫೋಟೊ ಅರ್ಧ ನಿಮಿಷದೊಳಗೆ ಇದೆ ಅನಿಸಿದರೆ ಹಾಗೇ ಬಿಡಿ, ಇಲ್ಲದಿದ್ದರೆ ಆಫ್ ಮಾಡಿ. ಮರೆಯುವವರಿಗೆ ಸೆಟಪ್ ಮೆನುವಿನಲ್ಲಿ ‘ಪವರ್ ಸೇವ್ ಸ್ಟಾರ್ಟ್ ಟೈಮ್’ ಇದೆ, ಅದನ್ನು 1 ನಿಮಿಷಕ್ಕಿಡಿ. ಶಟರ್ ಬಟನ್ ಅರ್ಧ ಒತ್ತಿದರೆ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. 30 ನಿಮಿಷದ ಆಯ್ಕೆಯೂ ಅಲ್ಲಿದೆ. ಅಪ್ಪಿತಪ್ಪಿ ಅದು ಆಯ್ಕೆಯಾಗಿ, ಆನ್ ಇದ್ದ ಕ್ಯಾಮೆರಾ ಚೀಲಕ್ಕೆ ಹೋದರೆ ಐದರಲ್ಲೊಂದು ಪಾಲು ಬ್ಯಾಟರಿ ಸುಮ್ಮನೆ ಹೋಯಿತು.

ವ್ಯೂಫೈಂಡರನ್ನು ಒಳಗೆ ಒತ್ತಿದರೆ ಈ ಮಾಡೆಲಿನಲ್ಲಿ ಇಡೀ ಕ್ಯಾಮೆರಾ ಆಫ್ ಆಗುತ್ತದೆ. ಬಂದ ಹೊಸತರಲ್ಲಿ ಇದನ್ನು ಬೈದವರೇ ಹೆಚ್ಚು, ಮುಂದಿನ ಮಾಡೆಲ್‌ಗಳಲ್ಲಿ ಬದಲಾಯಿಸುವ ಆಯ್ಕೆಯೂ ಬಂತು. ಬ್ಯಾಟರಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಒಳ್ಳೆ ಏರ್ಪಾಡಿಲ್ಲ. ಬೆರಳಿನ ಒಂದು ಒತ್ತು, ಖರ್ಚು ನಿಂತಿತು.

ತೆಗೆದ ಫೋಟೊ ನೋಡುವ ಚಟ ಇನ್ನೊಂದು ಸೋರಿಕೆ. ಪ್ರತಿ ಚಿತ್ರ ಆದಮೇಲೂ ತಾನೇ ತೋರಿಸುವ ‘ಆಟೊ ರಿವ್ಯೂ’ ಆಫ್ ಮಾಡಿ. ನೋಡಲೇಬೇಕಾದಾಗ, ಕ್ಯಾಮೆರಾ ಆಫ್ ಇದ್ದಾಗಲೇ ಪ್ಲೇಬ್ಯಾಕ್ ಬಟನ್ ಒತ್ತಿದರೆ ಲೆನ್ಸ್ ಹೊರಬರದೆ ಸ್ಕ್ರೀನ್ ಮಾತ್ರ ಬೆಳಗುತ್ತದೆ.

ಯಕ್ಷಗಾನದ ರಾತ್ರಿ

ಈ ಲೆಕ್ಕ ಚೆನ್ನಾಗಿ ಮನದಟ್ಟಾಗುವುದು ಬಯಲಾಟದಲ್ಲಿ. ಆಟ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯಿತು ಅಂತಿಟ್ಟುಕೊಳ್ಳಿ. ಎಂಟು ಗಂಟೆ, 480 ನಿಮಿಷ. ಕ್ಯಾಮೆರಾ ಪೂರ್ತಿ ಆನ್ ಇದ್ದರೆ 480 ಭಾಗಿಸು 160, ಸರಿಯಾಗಿ ಮೂರು ಬ್ಯಾಟರಿ. ಅದೇ ಗಂಟೆಗೆ 20 ನಿಮಿಷ ಮಾತ್ರ ಆನ್ ಇಟ್ಟರೆ ಎಂಟು ಗಂಟೆಗೆ 160 ನಿಮಿಷ, ಒಂದೇ ಬ್ಯಾಟರಿ ಬೆಳಗು ಮುಟ್ಟಿಸುತ್ತದೆ. ಗಂಟೆಗೆ 20 ನಿಮಿಷ ಕಡಿಮೆಯೇನಲ್ಲ. ಅರ್ಥಗಾರಿಕೆ, ಅಂದರೆ ಮಾತುಗಾರಿಕೆ, ನಡೆಯುವಾಗ ವೇಷಗಳು ನಿಂತಲ್ಲೇ ನಿಂತಿರುತ್ತವೆ, ಅಲ್ಲಿ ಎರಡು ಫೋಟೊ ಸಾಕು. ಚೆಂಡೆಯ ಪೆಟ್ಟು ಬಿರುಸಾದಾಗ ಆನ್ ಮಾಡಿದರೆ ಪ್ರವೇಶವಾಗಲಿ ಗಿರಗಿರನೆ ಸುತ್ತುವ ಧೀಂಗಿಣವಾಗಲಿ ತಪ್ಪುವುದಿಲ್ಲ. ಆಟದ ಲಯ ಗೊತ್ತಿದ್ದವರಿಗೆ ಬ್ಯಾಟರಿ ತಾನಾಗೇ ಉಳಿಯುತ್ತದೆ.

ಅಲ್ಲಿ ಒಂದು ಇಕ್ಕಟ್ಟೂ ಇದೆ. ಕತ್ತಲಲ್ಲಿ ಸ್ಕ್ರೀನ್ ಬೆಳಗಿಸಿಕೊಂಡು ಕೂತರೆ ಹಿಂದೆ ಕೂತವರ ಕಣ್ಣಿಗೆ ಚುಚ್ಚುತ್ತದೆ, ವ್ಯೂಫೈಂಡರ್ ಬಳಸಿದರೆ ಮರ್ಯಾದೆ ಉಳಿದರೂ ಬ್ಯಾಟರಿ ಬೇಗ ಕರಗುತ್ತದೆ. 115 ನಿಮಿಷವನ್ನು ಎಂಟು ಗಂಟೆಗೆ ಹಂಚಿದರೆ ಗಂಟೆಗೆ ಹದಿನಾಲ್ಕೇ ನಿಮಿಷ. ‘ಮಾನಿಟರ್ ಬ್ರೈಟ್‌ನೆಸ್’ ಅನ್ನು ಮೈನಸ್ 2ಕ್ಕೆ ಇಳಿಸಿ ಸ್ಕ್ರೀನಿನಲ್ಲೇ ನೋಡುವುದು ಒಳ್ಳೆಯ ರಾಜಿ. ಒಂದು ಎಚ್ಚರಿಕೆ: ಸ್ಕ್ರೀನ್ ಮಂಕಾದಾಗ ಚಿತ್ರವೇ ಮಂಕಾಗಿದೆ ಅನಿಸಿ ಎಕ್ಸ್‌ಪೋಷರ್ ಏರಿಸಿಬಿಡುತ್ತೇವೆ, ವೇಷದ ಮುಖದ ಬಣ್ಣ ಬೆಳ್ಳಗೆ ಸುಟ್ಟುಹೋಗುತ್ತದೆ. ಚಿತ್ರದಲ್ಲಿ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ, ಹಿಸ್ಟೋಗ್ರಾಮ್, ನೋಡಿ ನಿರ್ಧರಿಸಿ, ಕಣ್ಣನ್ನು ನಂಬಬೇಡಿ.

ಹಂಪಿಯ ಬಂಡೆಗಳ ನಡುವೆ ಮಧ್ಯಾಹ್ನ ನಿಂತಾಗ ಸಮಸ್ಯೆ ತಿರುಗುಮುರುಗು. ಸ್ಕ್ರೀನ್ ಕಾಣುವುದಿಲ್ಲ ಅಂತ ‘ಸನ್ನಿ ವೆದರ್’ ಆಯ್ಕೆಗೆ ಹೋಗುತ್ತೀರಿ, ಬೆಳಕು ಪೂರ್ತಿ ಉರಿಯುತ್ತದೆ. ತಪ್ಪಲ್ಲ, ಸಂಜೆ ಅದನ್ನು ಹಾಗೇ ಬಿಡುವುದು ತಪ್ಪು. ಸ್ಕ್ರೀನನ್ನು ಮೇಲಕ್ಕೆ ಮಡಚಿ, ಎದೆಮಟ್ಟದಲ್ಲಿ ಹಿಡಿದು, ಮೈಯ ನೆರಳಲ್ಲಿ ನೋಡಿದರೆ ಸನ್ನಿ ವೆದರ್ ಇಲ್ಲದೆಯೂ ಬಹಳ ಸಲ ಕೆಲಸ ಆಗುತ್ತದೆ.

ಫ್ಲಾಶು ಬ್ಯಾಟರಿ ತಿನ್ನುತ್ತದೆ ಅನ್ನುವುದು ಅರ್ಧ ನಿಜ. ಕಂಪನಿಯ 320ರ ಲೆಕ್ಕದಲ್ಲಿ ಅರ್ಧದಷ್ಟು ಫೋಟೊಗೆ ಫ್ಲಾಶ್ ಈಗಾಗಲೇ ಸೇರಿದೆ. ಅದನ್ನು ಎತ್ತದೇ ಇದ್ದರೆ ಅಷ್ಟು ಲಾಭ, ಆದರೆ ಆನ್ ಇಡುವ ಹೊತ್ತು ಕಡಿಮೆ ಮಾಡದೆ ಫ್ಲಾಶ್ ಮಾತ್ರ ನಿಲ್ಲಿಸುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಫೋಕಸ್ ಬಿಡದೆ ಹಿಂಬಾಲಿಸುವ ‘ಎಎಫ್-ಸಿ’ಯಲ್ಲಿದ್ದರೆ ಶಟರ್ ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಮೋಟರು ಹುಡುಕುತ್ತಲೇ ಇರುತ್ತದೆ. ನಿಂತ ವಸ್ತುವಿಗೆ ಒಮ್ಮೆ ಫೋಕಸ್ ಮಾಡಿ ನಿಲ್ಲುವ ‘ಎಎಫ್-ಎಸ್’ ಸಾಕು. ವಿಡಿಯೊ ಬೇರೆಯೇ ಕತೆ, ಫೋಟೊಗಿಂತ ಬಹಳ ಬೇಗ ಕರಗಿಸುತ್ತದೆ, ಕ್ಯಾಮೆರಾ ಬಿಸಿಯೂ ಆಗುತ್ತದೆ. ಸಮಾರಂಭದ ವಿಡಿಯೊ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಈ ಕ್ಯಾಮೆರಾ ಬೇಡ.

ವೈಫೈ ವಿಷಯ ಚಿಕ್ಕದು. ಮೆನುವಿನಲ್ಲಿ ‘ಏರ್‌ಪ್ಲೇನ್ ಮೋಡ್’ ಆನ್ ಮಾಡಿಬಿಡಿ. ಫೋನಿಗೆ ಚಿತ್ರ ಕಳಿಸಬೇಕಾದರೆ ಕಾರ್ಡ್ ತೆಗೆದು ಫೋನಿಗೆ ಚುಚ್ಚುವ ಸಣ್ಣ ಕಾರ್ಡ್ ರೀಡರಿನಿಂದ ಎಳೆದುಕೊಳ್ಳಿ. ಬೇಗ ಆಗುತ್ತದೆ, ಕ್ಯಾಮೆರಾ ಬ್ಯಾಟರಿಯೂ ಖರ್ಚಾಗುವುದಿಲ್ಲ.

ಎರಡನೇ ಬ್ಯಾಟರಿ

ಮೆನುವಿನಲ್ಲಿ ಏನೇ ಮಾಡಿದರೂ ಎರಡನೇ ಬ್ಯಾಟರಿ ಬೇಕೇ ಬೇಕು. ಒಳ್ಳೆಯ ಸುದ್ದಿ ಅಂದರೆ ಎನ್‌ಪಿ-ಬಿಎಕ್ಸ್1 ಅಪರೂಪದ ವಸ್ತುವಲ್ಲ. 2012ರ ಮೊದಲ ಆರ್‌ಎಕ್ಸ್100ರಿಂದ 2019ರ ಮಾರ್ಕ್ 7ರವರೆಗೆ ಎಲ್ಲದಕ್ಕೂ ಇದೇ. ಜೊತೆಗೆ ಜೆಡ್‌ವಿ-1, ಆರ್‌ಎಕ್ಸ್1, ಎಚ್‌ಎಕ್ಸ್90ವಿಯಂಥವಕ್ಕೂ ಇದೇ. ಸ್ಕ್ರೀನ್ ಲೆಕ್ಕದಲ್ಲಿ ಸರಣಿಯ ಸಂಖ್ಯೆಗಳನ್ನು ಸಾಲಾಗಿ ನೋಡಿ: 330, 350, 320, 280, 220, 240, 260. ಬ್ಯಾಟರಿ ಬದಲಾಗಲಿಲ್ಲ, ಕ್ಯಾಮೆರಾದ ಹಸಿವು ಬದಲಾಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರ್ಕ್ 5ರ ವೇಗಕ್ಕೆ ಮರುಳಾಗುವ ಮುಂಚೆ ಆ 220ರ ಕಡೆ ಒಮ್ಮೆ ನೋಡಲಿ.

ಬೇರೆ ಕಂಪನಿಗಳ ಅಗ್ಗದ ಬ್ಯಾಟರಿಗಳ ಮೇಲೆ 1500, 1600, ಕೆಲವದರ ಮೇಲೆ ಇನ್ನೂ ಹೆಚ್ಚು ಮಿಲಿಆಂಪ್ ಅವರ್ ಅಂತ ಬರೆದಿರುತ್ತದೆ. ಅದೇ ಅಳತೆಯ ಡಬ್ಬಿಯಲ್ಲಿ ಅಷ್ಟು ಹಿಡಿಸುವುದು ಅಷ್ಟು ಸುಲಭವಾಗಿದ್ದರೆ ಮೂಲ ಕಂಪನಿಯೇ ಹಿಡಿಸಿ ಹೆಚ್ಚು ಬೆಲೆಗೆ ಮಾರುತ್ತಿತ್ತು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಅಸಲಿ ಬ್ಯಾಟರಿಯ ಪಕ್ಕದಲ್ಲಿಟ್ಟು ತೂಗಿ. ಮೂರು ನಾಲ್ಕು ಗ್ರಾಂ ಹಗುರಾಗಿದ್ದರೆ ಒಳಗೆ ಸರಕು ಅಷ್ಟು ಕಡಿಮೆ. ಅಗ್ಗದ್ದು ಬೇಡ ಅಂತಲ್ಲ, ಎರಡನೆಯದಾಗಿ ಇಟ್ಟುಕೊಳ್ಳಲು ನಡೆಯುತ್ತದೆ. ಆದರೆ ಅದರಲ್ಲಿ ಸೂಚಕ ಮುಕ್ಕಾಲು ತೋರಿಸುತ್ತಲೇ ಇದ್ದು ದಿಢೀರನೆ ಆಫ್ ಆಗುವ ಕಾಯಿಲೆ ಸಾಮಾನ್ಯ. ಹಾಗಾಗಿ ಬೆಳಗ್ಗೆ ಮೊದಲು ಅದನ್ನೇ ಹಾಕಿ, ಸಂಜೆಯ ಮುಖ್ಯ ಹೊತ್ತಿಗೆ ಅಸಲಿ ಉಳಿಸಿಕೊಳ್ಳಿ.

ಹೀಗೆ ದಿಢೀರನೆ ಸತ್ತಾಗ ಲೆನ್ಸ್ ಹೊರಗೇ ನಿಂತುಬಿಡುತ್ತದೆ. ಕೈಯಲ್ಲಿ ಒಳಗೆ ತಳ್ಳಲು ಹೋಗಬೇಡಿ. ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿದರೆ ಅದರ ರಿಪೇರಿ ಬ್ಯಾಟರಿಗಿಂತ ಎಷ್ಟೋ ದುಬಾರಿ. ತುಂಬಿದ ಬ್ಯಾಟರಿ ಹಾಕಿ ಆನ್ ಮಾಡಿ ಆಫ್ ಮಾಡಿದರೆ ತಾನೇ ಒಳಗೆ ಹೋಗುತ್ತದೆ. ಸೂಚಕ ಕೊನೆಯ ಹಂತಕ್ಕೆ ಬಂದಾಗ ಇನ್ನೊಂದೇ ಫೋಟೊ ಅನ್ನುವ ಆಸೆ ಬಿಟ್ಟು ಬದಲಾಯಿಸುವುದು ಇದೇ ಕಾರಣಕ್ಕೆ.

ಬ್ಯಾಟರಿಗಳಿಗೆ ಪರ್ಮನೆಂಟ್ ಮಾರ್ಕರಿನಿಂದ 1, 2, 3 ಅಂತ ಗುರುತು ಹಾಕಿ. ಕೆಲವರು ಟೇಪ್ ಅಂಟಿಸುತ್ತಾರೆ, ಗೂಡು ಎಷ್ಟು ಬಿಗಿ ಅಂದರೆ ಟೇಪಿನ ದಪ್ಪಕ್ಕೇ ಬ್ಯಾಟರಿ ಸಿಕ್ಕಿಕೊಳ್ಳುತ್ತದೆ. ಬಿಡಿ ಬ್ಯಾಟರಿಗೆ ಪ್ಲಾಸ್ಟಿಕ್ ಡಬ್ಬಿ ಬೇಕು, ಜೇಬಿನ ಚಿಲ್ಲರೆಯೋ ಬೀಗದ ಕೈಯೋ ಎರಡು ಲೋಹದ ಪಟ್ಟಿಗಳನ್ನು ಮುಟ್ಟಿದರೆ ಶಾರ್ಟ್ ಆಗುತ್ತದೆ. ತುಂಬಿದ್ದನ್ನು ಪಟ್ಟಿ ಮೇಲ್ಮುಖವಾಗಿ, ಖಾಲಿಯಾದದ್ದನ್ನು ಕೆಳಮುಖವಾಗಿ ಇಡುವ ಅಭ್ಯಾಸ ಮಾಡಿಕೊಂಡರೆ ಕತ್ತಲಲ್ಲೂ ಗೊಂದಲವಿಲ್ಲ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಹೋಗಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ.

ಚಾರ್ಜ್ ಮಾಡುವುದು

ಡಬ್ಬಿಯಲ್ಲಿ ಬೇರೆ ಚಾರ್ಜರ್ ಬರುವುದಿಲ್ಲ. ಮೈಕ್ರೊ ಯುಎಸ್‌ಬಿ ಕೇಬಲ್ಲು ಮತ್ತು ಗೋಡೆಗೆ ಚುಚ್ಚುವ ಅಡಾಪ್ಟರ್, ಅಷ್ಟೆ. ಬ್ಯಾಟರಿ ಕ್ಯಾಮೆರಾ ಒಳಗಿದ್ದು, ಕ್ಯಾಮೆರಾ ಆಫ್ ಇದ್ದಾಗ ಚಾರ್ಜ್ ಆಗುತ್ತದೆ. ಕಿತ್ತಳೆ ದೀಪ ಉರಿಯುತ್ತಿದ್ದರೆ ಚಾರ್ಜಿಂಗ್, ಆರಿದರೆ ಮುಗಿಯಿತು. ಮಿಣುಕುತ್ತಿದ್ದರೆ ಬ್ಯಾಟರಿ ಸರಿ ಕೂತಿಲ್ಲ, ಇಲ್ಲವೇ ತೀರ ಬಿಸಿ ಅಥವಾ ತೀರ ತಣ್ಣಗಿದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಚಾರ್ಜಿಗೆ ಹಾಕಿದರೆ ಮಿಣುಕುವುದು ಇದಕ್ಕೇ. 10ರಿಂದ 30 ಡಿಗ್ರಿ ನಡುವೆ ಚಾರ್ಜ್ ಮಾಡುವುದು ಒಳ್ಳೆಯದು. ಬೇಸಿಗೆಯ ಕಲಬುರಗಿ, ರಾಯಚೂರಿನಲ್ಲಿ ಅದು ರಾತ್ರಿಯ ಕೆಲಸ.

ಎಷ್ಟು ಹೊತ್ತು ಬೇಕು? ಹಳೆಯ ಲ್ಯಾಪ್‌ಟಾಪಿನ ಪೋರ್ಟ್ 500 ಮಿಲಿಆಂಪ್ ಕೊಡುತ್ತದೆ. 1240 ತುಂಬಲು ಲೆಕ್ಕಕ್ಕೆ ಎರಡೂವರೆ ಗಂಟೆ, ಕೊನೆಯಲ್ಲಿ ನಿಧಾನವಾಗುವುದರಿಂದ ಮೂರರ ಮೇಲೇ ಹೋಗುತ್ತದೆ. ಪವರ್ ಬ್ಯಾಂಕಿನಲ್ಲಿ ಒಂದು ತೊಡಕು ಕಾಣುತ್ತದೆ: ಕೊನೆಯ ಹಂತದಲ್ಲಿ ಕ್ಯಾಮೆರಾ ಎಳೆಯುವ ಕರೆಂಟು ತೀರ ಕಡಿಮೆಯಾದಾಗ, ಏನೂ ಚುಚ್ಚಿಲ್ಲ ಅಂದುಕೊಂಡು ಪವರ್ ಬ್ಯಾಂಕು ತಾನೇ ಆಫ್ ಆಗುತ್ತದೆ. ದೀಪ ಆರಿದ್ದನ್ನು ನೋಡಿ ತುಂಬಿತು ಅಂದುಕೊಳ್ಳುತ್ತೀರಿ, ನಿಜವಾಗಿ ಸ್ವಲ್ಪ ಬಾಕಿ ಇರುತ್ತದೆ. ಅದರ ಬಟನ್ ಮತ್ತೊಮ್ಮೆ ಒತ್ತಿ ನೋಡಿ. ದಿನವಿಡೀ ಪವರ್ ಬ್ಯಾಂಕನ್ನು ಕೇಬಲ್ಲಿಗೆ ಕಟ್ಟಿಕೊಂಡು ತಿರುಗುವವರನ್ನೂ ಕಾಣುತ್ತೇವೆ, ಮೂಗಿಗಿಂತ ಮೂಗುತಿ ಭಾರ. ಎರಡು ಗೂಡಿನ ಪ್ರತ್ಯೇಕ ಚಾರ್ಜರ್ ಒಂದಿದ್ದರೆ ಒಂದು ತುಂಬುವಾಗ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ, ಮೈಕ್ರೊ ಯುಎಸ್‌ಬಿ ಕಿಂಡಿ ಸಡಿಲವಾಗುವುದೂ ತಪ್ಪುತ್ತದೆ. ಈ ಕ್ಯಾಮೆರಾಕ್ಕೆ ದುಡ್ಡು ಹಾಕುವುದಾದರೆ ಮೊದಲು ಇದಕ್ಕೆ ಹಾಕಿ.

ಬ್ಯಾಟರಿಗೆ ವಯಸ್ಸಾಯಿತೇ ಅಂತ ತಿಳಿಯಲು ಊಹೆ ಬೇಡ. ಹೊಸದಿರುವಾಗಲೇ ಒಂದು ಪರೀಕ್ಷೆ ಮಾಡಿ ಬರೆದಿಡಿ: ಪೂರ್ತಿ ಚಾರ್ಜ್ ಮಾಡಿ, ಪವರ್ ಸೇವ್ 30 ನಿಮಿಷಕ್ಕಿಟ್ಟು, ಬ್ರೈಟ್‌ನೆಸ್ ಸೊನ್ನೆಗೆ, ಏರ್‌ಪ್ಲೇನ್ ಮೋಡ್ ಆನ್, ಲೆನ್ಸ್ ವೈಡ್‌ನಲ್ಲಿ. ಹತ್ತು ನಿಮಿಷಕ್ಕೊಮ್ಮೆ ಶಟರ್ ಅರ್ಧ ಒತ್ತುತ್ತ, ಸೂಚಕ ಕೊನೆಯ ಹಂತಕ್ಕೆ ಬರಲು ಎಷ್ಟು ನಿಮಿಷ ಅಂತ ನೋಡಿ. ವರ್ಷಕ್ಕೊಮ್ಮೆ ಇದನ್ನೇ ಮಾಡಿ. ಮೂರನೇ ಒಂದು ಭಾಗ ಕುಸಿದಿದ್ದರೆ ಆ ಬ್ಯಾಟರಿಯನ್ನು ಪ್ರವಾಸಕ್ಕೆ ನಂಬಬೇಡಿ. ಇಷ್ಟು ಹೊತ್ತು ಕೂರಲು ಆಗದವರು ಚಾರ್ಜಿಂಗ್ ಕೇಬಲ್ಲಿನ ನಡುವೆ ಸಣ್ಣ ಯುಎಸ್‌ಬಿ ಮೀಟರ್ ಹಾಕಿ, ಖಾಲಿಯಿಂದ ತುಂಬುವವರೆಗೆ ಎಷ್ಟು ಮಿಲಿಆಂಪ್ ಅವರ್ ಹೋಯಿತು ಅಂತ ಬರೆದಿಟ್ಟರೂ ಸಾಕು.

ವಯಸ್ಸಾಗಿಸುವುದು ಮುಖ್ಯವಾಗಿ ಬಿಸಿ, ಆಮೇಲೆ ಪೂರ್ತಿ ತುಂಬಿದ ಅಥವಾ ಪೂರ್ತಿ ಖಾಲಿಯಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವುದು. ಮಳೆಗಾಲದ ಮೂರು ತಿಂಗಳು ಕ್ಯಾಮೆರಾ ಹೊರಗೆ ಬರುವುದಿಲ್ಲ ಅಂದರೆ ಸುಮಾರು ಅರ್ಧ ಚಾರ್ಜಿನಲ್ಲಿ ಬ್ಯಾಟರಿ ಹೊರತೆಗೆದು ಡಬ್ಬಿಯಲ್ಲಿಡಿ. ಮಲೆನಾಡು, ಕರಾವಳಿಯ ತೇವಕ್ಕೆ ಲೋಹದ ಪಟ್ಟಿಗಳ ಮೇಲೆ ಮಂಕು ಪೊರೆ ಕಟ್ಟುತ್ತದೆ, ಬ್ಯಾಟರಿ ತುಂಬಿದ್ದರೂ ಕ್ಯಾಮೆರಾ ಆನ್ ಆಗದಿರಲು ಅದೇ ಕಾರಣ ಇರಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಹತ್ತಿಯ ಕಡ್ಡಿಯಿಂದ ಒರೆಸಿ, ಒಣಗಲು ಬಿಟ್ಟು ಹಾಕಿ. ಉಪ್ಪುಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಮಂಕಾಗುತ್ತದೆ.

ಚಳಿಯ ಸಮಸ್ಯೆ ನಮ್ಮ ಮುಳ್ಳಯ್ಯನಗಿರಿಯಲ್ಲಿ ಅಷ್ಟಾಗಿ ಕಾಡುವುದಿಲ್ಲ, ಲಡಾಖ್, ಕೇದಾರದ ಕಡೆ ಹೋದವರಿಗೆ ಕಾಡುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಬ್ಯಾಟರಿಯ ಒಳಗಿನ ತಡೆ ಹೆಚ್ಚಿ, ಲೆನ್ಸ್ ಮೋಟರು ಜೋರಾಗಿ ಎಳೆದಾಗ ವೋಲ್ಟೇಜು ಕುಸಿಯುತ್ತದೆ. ಕ್ಯಾಮೆರಾ ಖಾಲಿ ಅಂದುಕೊಂಡು ಆಫ್ ಆಗುತ್ತದೆ. ಆ ಬ್ಯಾಟರಿಯನ್ನು ಎಸೆಯಬೇಡಿ, ಅಂಗಿಯ ಒಳಜೇಬಿನಲ್ಲಿ ಕಾಲು ಗಂಟೆ ಇಟ್ಟರೆ ಮತ್ತೆ ಜೀವ ಬರುತ್ತದೆ. ಬಿಡಿ ಬ್ಯಾಟರಿಗಳ ಜಾಗ ಅಲ್ಲಿ ಯಾವಾಗಲೂ ಒಳಜೇಬೇ.

ಬಹಳ ದಿನ ಬ್ಯಾಟರಿ ಇಲ್ಲದೆ ಬಿಟ್ಟ ಕ್ಯಾಮೆರಾ ಆನ್ ಮಾಡಿದಾಗ ದಿನಾಂಕ ಕೇಳಿದರೆ ಹೆದರಬೇಡಿ. ಗಡಿಯಾರ ನಡೆಸುವ ಪುಟ್ಟ ಬ್ಯಾಟರಿಯೊಂದು ಒಳಗೇ ಇದೆ, ಅದು ಬರಿದಾಗಿದೆ ಅಷ್ಟೆ. ತುಂಬಿದ ಬ್ಯಾಟರಿ ಹಾಕಿ, ಕ್ಯಾಮೆರಾ ಆಫ್ ಮಾಡಿ 24 ಗಂಟೆ ಬಿಟ್ಟರೆ ಅದೂ ತುಂಬಿಕೊಳ್ಳುತ್ತದೆ. ಗೂಡಿನಿಂದ ಬ್ಯಾಟರಿ ಸಲೀಸಾಗಿ ಜಾರಿ ಬಾರದೆ ಬಿಗಿಯಾಗಿ ಕೂತಿದ್ದರೆ ಮಾತ್ರ ಗಮನಿಸಿ. ಅದು ಉಬ್ಬುತ್ತಿರಬಹುದು. ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಲಾಕ್ ಸರಿಸಿ, ಕ್ಯಾಮೆರಾವನ್ನು ತಲೆಕೆಳಗೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಹೊರಬಂದದ್ದನ್ನು ಮತ್ತೆ ಚಾರ್ಜಿಗೆ ಹಾಕದೆ, ಲೋಹದ ಪಟ್ಟಿಗಳ ಮೇಲೆ ಟೇಪ್ ಸುತ್ತಿ, ಮನೆಯ ಕಸಕ್ಕೆ ಸೇರಿಸದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.